ಯಾವುದಾದರೊಂದು ಪದವಿ: ಅಧಿಕಾರಪರೀಕ್ಷೆಯ ಪೂರ್ವೋತ್ತರ

ಸರ್ಕಾರದ ಉನ್ನತಾಧಿಕಾರಗಳಿಗಾಗಿ ನಡೆಯುವ ಸ್ಪರ್ಧಾಪರೀಕ್ಷೆಗೆ ಕುಳಿತುಕೊಳ್ಳಲು ಅಂಗೀಕೃತ ವಿಶ್ವವಿದ್ಯಾನಿಲಯದ ಯಾವುದಾದರೊಂದು ಪದವಿಯಿದ್ದರೆ ಸಾಕೆಂಬುದು ಈಗಿನ ನಿಯಮ. ವೈದ್ಯವನ್ನೋದಿದವನೂ ವಾಣಿಜ್ಯವನ್ನೋದಿದವಳೂ ಯಂತ್ರಶಾಸ್ತ್ರದವರೂ ಸಂಸ್ಕೃತದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಬರೆಯಬಹುದು. ಹುಟ್ಟಿನಿಂದಲೋ ಶಿಫಾರಸ್ಸಿನಿಂದಲೋ ದೊರೆಯುತ್ತಿದ್ದ ಅಧಿಕಾರವು ವಿದ್ಯೆಯಿಂದ ದೊರೆಯುವಂತಾದುದು ಕಳೆದ ನೂರೆಪ್ಪತ್ತು ವರ್ಷಗಳ ದೊಡ್ಡ ಮಾರ್ಪಾಡುಗಳಲ್ಲೊಂದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಬಾಗಿಲನ್ನು ತೆರೆದಿದ್ದೇವೆಂದು ಡಂಗುರ ಹೊಡೆದ ಮಾತ್ರಕ್ಕೆ ಒಳಗೆ ಬರುವವರು ಯಾರೆಂಬುದು ನಿಶ್ಚಯವಾಗುವುದಿಲ್ಲ. ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳುತ್ತಾರೆ, ಅಭ್ಯರ್ಥಿಯನ್ನು ಅವನ ಮನೆಯವರು ಎಷ್ಟು ವರ್ಷ ಕೂರಿಸಿ ಓದಿಸಬಲ್ಲರು, ಈ ಎರಡು ಸಂಗತಿಗಳು ಪದವಿಗಿಂತಲೂ ಹೆಚ್ಚಾಗಿ ಅದನ್ನು ನಿಶ್ಚಯಿಸುತ್ತ ಬಂದಿವೆ. ನಮ್ಮ ನಾಡಿನ ಮಟ್ಟಿಗೆ ಇದು ಹೇಗೆ ನಡೆಯಿತೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಈಗ ವಾಸಿಸುತ್ತಿರುವುದು ಬೆಂಗಳೂರಿನ ಪೂರ್ವಕ್ಕಿರುವ ಬ್ರೂಕ್‌ಫೀಲ್ಡಿನಲ್ಲಿ. ಒಂದು ಕಡೆ ಕುಂದಲಹಳ್ಳಿ, ಇನ್ನೊಂದು ಕಡೆ ವೈಟ್‌ಫೀಲ್ಡ್. ನಡುವೆ ಗಣಕಯಂತ್ರದ ಕಂಪೆನಿಗಳ ಗಾಜಿನ ಕಟ್ಟಡಗಳು. ಸರ್ಕಾರದ ನೌಕರಿಯ ಮಾತಿಗೂ ಈ ಊರಿಗೂ ಏನು ಸಂಬಂಧವೆಂದು ಕೇಳುವವರು ವೈಟ್‌ಫೀಲ್ಡಿನ ಹುಟ್ಟನ್ನು ನೆನೆಯಬೇಕು. 1882ರಲ್ಲಿ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಇಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟರು. ಸಂಘವನ್ನು ಕಟ್ಟಿದ ಡಿ. ಎಸ್. ವೈಟ್ ಎಂಬುವರ ಹೆಸರೇ ಊರಿಗೆ ಬಂದಿತು. ಅವರ ಸಮುದಾಯದವರು ಬಹುಮಟ್ಟಿಗೆ ರೈಲ್ವೆ, ತಂತಿ, ಕಚೇರಿಗಳ ನೌಕರಿಯನ್ನೇ ನಂಬಿದವರು. ನೌಕರಿಯೊಂದನ್ನೇ ನಂಬಿ ಬಾಳುವುದು ಕ್ಷೇಮವಲ್ಲ, ಸ್ವಂತ ಭೂಮಿಯಲ್ಲಿ ಬೇಸಾಯಮಾಡಿ ನಿಲ್ಲಬೇಕೆಂಬುದು ಈ ವಸತಿಯ ಹಿಂದಿದ್ದ ಯೋಚನೆ. ಕಚೇರಿಯ ಹಂಗನ್ನು ಬಿಡಿಸುವುದಕ್ಕೆಂದು ಹುಟ್ಟಿದ ಊರಿನ ಮಗ್ಗುಲಲ್ಲಿ ಇಂದು ಕಂಪೆನಿಯ ಸಂಬಳವನ್ನು ಬಿಟ್ಟು ಕಚೇರಿಯನ್ನು ಸೇರಲು ಹವಣಿಸುವ ತರುಣತರುಣಿಯರನ್ನು ದಿನವೂ ಕಾಣುತ್ತೇನೆ. ಕಾಲಪುರುಷನಿಗೆ ವಿನೋದವೂ ತಿಳಿದಿದೆ!

ಅಧಿಕಾರಕ್ಕೆ ಪರೀಕ್ಷೆಯೆಂಬುದು ಪಾಶ್ಚಾತ್ಯರಿಂದ ಬಂದ ಹೊಸ ಪದಾರ್ಥವೆಂದು ಕೆಲವರು ಭಾವಿಸುವುದುಂಟು. ಚೀನಾದೇಶದಲ್ಲಿ ಇದು ಸಾವಿರಕ್ಕೂ ಮೇಲ್ಪಟ್ಟ ವರ್ಷ ನಡೆದು 1905ರಲ್ಲಿ ನಿಂತಿತು. ಅದೇ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿದರು. 1909ರಲ್ಲಿ ಗ್ರಂಥವು ಅಚ್ಚಾಯಿತು. ಅದರಲ್ಲಿ ಅಮಾತ್ಯರನ್ನು ಪರೀಕ್ಷಿಸುವ ಕ್ರಮವೊಂದುಂಟು. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳು, ಎಂದರೆ ಗುಟ್ಟಾಗಿ ಒಡ್ಡುವ ಆಮಿಷ ಮತ್ತು ಬೆದರಿಕೆಗಳು. ಹಣದ ಉಪಧೆಯಲ್ಲಿ ಶುದ್ಧನಾದವನನ್ನು ಬೊಕ್ಕಸಕ್ಕೂ ಧರ್ಮೋಪಧೆಯಲ್ಲಿ ಶುದ್ಧನಾದವನನ್ನು ನ್ಯಾಯಸ್ಥಾನಕ್ಕೂ ನೇಮಿಸಬೇಕೆಂದು ವಿಧಿ. ಅಲ್ಲಿ ಪರೀಕ್ಷೆಯಾಗುತ್ತಿದ್ದುದು ಶೀಲ. ನಮ್ಮ ಪಾಠಶಾಲೆಗಳ ಸಂಪ್ರದಾಯದಲ್ಲಿ ಶಲಾಕಾಪರೀಕ್ಷೆಯೆಂಬುದಿತ್ತು. ಗ್ರಂಥದೊಳಕ್ಕೆ ಕಡ್ಡಿಯನ್ನು ತೂರಿಸಿ, ಅದು ಸಿಕ್ಕಿಕೊಂಡ ಗರಿಯನ್ನು ಅಭ್ಯರ್ಥಿಯು ವ್ಯಾಖ್ಯಾನಿಸಬೇಕು. ಅಲ್ಲಿ ಪರೀಕ್ಷೆಯಾಗುತ್ತಿದ್ದುದು ಪಾಂಡಿತ್ಯ. ನೂರಾರು ಮಂದಿ ಅಪರಿಚಿತರನ್ನು ಒಂದೆಡೆ ಕೂರಿಸಿ, ಬರೆದ ಕಾಗದಕ್ಕೆ ಅಂಕ ಹಾಕಿ, ಅಂಕದ ಕ್ರಮದಿಂದಲೇ ಅಧಿಕಾರವನ್ನು ಹಂಚುವ ಪದ್ಧತಿ ಮಾತ್ರ ನಮಗೆ ಇಂಗ್ಲೆಂಡಿನ ಮೂಲಕ ಬಂದುದು.

ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳು ಮೊದಲು ಡೈರೆಕ್ಟರುಗಳ ಕೃಪೆಯಿಂದ ನೇಮಕಗೊಂಡು, 1806ರಲ್ಲಿ ಸ್ಥಾಪಿತವಾದ ಹೇಲಿಬರಿ ಕಾಲೇಜಿನಲ್ಲಿ ಕಲಿತು ಬರುತ್ತಿದ್ದರು. 1853ರ ಚಾರ್ಟರ್ ಶಾಸನವು ಈ ಕೃಪಾಮಾರ್ಗವನ್ನು ಮುಚ್ಚಿತು. 1854ರಲ್ಲಿ ಮೆಕಾಲೆಯ ಸಮಿತಿ ಪರೀಕ್ಷಾಕ್ರಮವನ್ನು ರಚಿಸಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಆ ಸಮಿತಿಯ ಅಂಕಪಟ್ಟಿಯಲ್ಲಿ ಗ್ರೀಕಿಗೆ 750, ಲ್ಯಾಟಿನಿಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಇಂಡಿಯವನ್ನು ಆಳುವುದಕ್ಕೆ ಹೊರಟವನಿಗೆ ಪಾಣಿನಿಯು ವರ್ಜಿಲನ ಅರ್ಧ ಬೆಲೆಗೆ ಸಿಕ್ಕಿದನೆಂದಾಯಿತು. ಇದನ್ನು ಓದಿ ನಮ್ಮ ಪಾಠಶಾಲೆಯ ಗುರುಗಳು ಏನೆನ್ನುತ್ತಿದ್ದರೋ! ಸಮಿತಿಯವರ ತರ್ಕ ಸರಳವಾಗಿದ್ದಿತು. ಇಂಗ್ಲೆಂಡಿನ ಒಳ್ಳೆಯ ಶಾಲೆಗಳಲ್ಲಿ ಏನನ್ನು ಕಲಿಸುತ್ತಿದ್ದರೋ ಅದರಲ್ಲಿ ಗಟ್ಟಿಗನಾದವನು ಬೇರೆಲ್ಲದರಲ್ಲಿಯೂ ಗಟ್ಟಿಗನಾಗುವನು. ಆಡಳಿತದ ವಿಷಯಗಳನ್ನು ಆಮೇಲೆ ಕಲಿಸಬಹುದು. ಇಂದಿನ "ಯಾವುದಾದರೊಂದು ಪದವಿ" ಎಂಬ ನಿಯಮದ ಬೇರು ಈ ತರ್ಕದಲ್ಲಿದೆ. ಆ "ಯಾವುದಾದರೊಂದ"ರ ಅಳತೆಗೋಲು ಒಂದು ದೇಶದ, ಒಂದು ವರ್ಗದ ಶಾಲೆಗಳದೆಂಬುದನ್ನೂ ಮರೆಯಕೂಡದು.

ಕಾಗದದ ಮೇಲೆ ಇಂಡಿಯದವರಿಗೂ ಬಾಗಿಲು ತೆರೆದಿದ್ದಿತು. ಸಮುದ್ರವನ್ನು ದಾಟಿ ಹೋಗಿ 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ತೇರ್ಗಡೆ ಹೊಂದಿ ಮೊದಲಿಗರಾದರು. ಆದರೆ ಆರಂಭದಲ್ಲಿ 23 ವರ್ಷವಿದ್ದ ವಯೋಮಿತಿ ಇಳಿಯುತ್ತ ಬಂದು 1878ರಲ್ಲಿ 19ಕ್ಕೆ ನಿಂತಿತು. ಹತ್ತೊಂಬತ್ತರೊಳಗೆ ಹಡಗಿನ ಖರ್ಚನ್ನೂ ಲಂಡನ್ನಿನ ವಾಸವನ್ನೂ ಪರಭಾಷೆಯ ಪಾಂಡಿತ್ಯವನ್ನೂ ಸಂಪಾದಿಸುವ ಹುಡುಗರು ಎಷ್ಟು ಮನೆಗಳಲ್ಲಿರುತ್ತಾರೆ? ಪರೀಕ್ಷೆಯನ್ನು ಇಂಡಿಯದಲ್ಲಿಯೂ ನಡೆಸಬೇಕೆಂದು ಕಾಂಗ್ರೆಸ್ಸು ವರ್ಷವರ್ಷವೂ ಕೇಳಿತು. 1893ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯೇ ಹಾಗೆಂದು ನಿರ್ಣಯಿಸಿತು. ಆದರೂ ಅಲಹಾಬಾದಿನಲ್ಲಿ ಪರೀಕ್ಷೆ ನಡೆದದ್ದು 1922ರಲ್ಲಿ. ಅದಕ್ಕೆ ಮುಂಚೆಯೇ ನಮ್ಮ ದಕ್ಷಿಣಕನ್ನಡದ ಬೆನೆಗಲ್ ನರಸಿಂಗರಾಯರು ಕೇಂಬ್ರಿಡ್ಜಿನಲ್ಲಿ ಓದಿ 1909ರಲ್ಲಿ ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗಿದ್ದರು. ಮುಂದೆ 1946ರಲ್ಲಿ ರಾಜ್ಯಾಂಗರಚನಾಸಭೆಗೆ ಸಲಹೆಗಾರರಾದವರು ಅವರೇ. ಅಂಥವರು ಬೆರಳೆಣಿಕೆಯವರು.

ಇನ್ನು ಮೈಸೂರಿನ ವಿಷಯ. ಐವತ್ತು ವರ್ಷಗಳ ಕಮಿಷನರುಗಳ ಆಡಳಿತ ಮುಗಿದು 1881ರಲ್ಲಿ ಸಂಸ್ಥಾನವು ಅರಸರ ಕೈಗೆ ಹಿಂದಿರುಗಿತು. 1883ರಲ್ಲಿ ದಿವಾನರಾದ ಕೆ. ಶೇಷಾದ್ರಿ ಅಯ್ಯರವರು 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ಸಿಗೆ ಸ್ಪರ್ಧಾಪರೀಕ್ಷೆಯನ್ನು ಏರ್ಪಡಿಸಿದರು. ಲಂಡನ್ನಿಗೆ ಹೋಗಬೇಕಾದುದಿಲ್ಲ, ನಮ್ಮ ಮಣ್ಣಿನಲ್ಲಿಯೇ ಕುಳಿತು ಬರೆದು ಅಸಿಸ್ಟೆಂಟ್ ಕಮಿಷನರನಾಗಬಹುದು. ಇಂಡಿಯದಲ್ಲಿಯೇ ಪರೀಕ್ಷೆ ನಡೆಯಲೆಂದು ದೇಶವೆಲ್ಲ ಬೇಡುತ್ತಿದ್ದ ಕಾಲದಲ್ಲಿ, ಅಲಹಾಬಾದಿಗೆ ಮೂವತ್ತು ವರ್ಷ ಮುಂಚಿತವಾಗಿ, ದೇಶೀಯ ಸಂಸ್ಥಾನವೊಂದು ಈ ಕೆಲಸವನ್ನು ಮಾಡಿತೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ.

ಆದರೆ ಪರೀಕ್ಷೆಯ ವಾಹಿನಿ ಇಂಗ್ಲಿಷು. ಪದವಿಯೆಂದರೆ ಮದರಾಸು ವಿಶ್ವವಿದ್ಯಾನಿಲಯದ ಪದವಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ಅಲ್ಲಿಯವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಾಗಲಿ ಮೈಸೂರಿನ ಮಹಾರಾಜಾ ಕಾಲೇಜಾಗಲಿ ಮದರಾಸಿಗೆ ಸೇರಿದ್ದುವು. ಆದುದರಿಂದ ಇಂಗ್ಲಿಷ್ ವಿದ್ಯೆಯಲ್ಲಿ ಮೊದಲೇ ಮುಂದುವರಿದಿದ್ದ ಮದರಾಸಿನ ಕಡೆಯವರು ಇಲ್ಲಿಯ ಅಧಿಕಾರಗಳಲ್ಲಿ ತುಂಬಿಕೊಂಡರೆಂಬ ದೂರು ಎದ್ದಿತು. ಪಾಲಘಾಟಿನವರಾದ ಶೇಷಾದ್ರಿ ಅಯ್ಯರವರ ಮೇಲೆಯೇ ಆ ಆಕ್ಷೇಪ ಬಹುವಾಗಿ ಬಂದಿತು. ಮೈಸೂರು ಮೈಸೂರಿನವರಿಗೆ ಎಂಬ ಮಾತು ಪತ್ರಿಕೆಗಳಲ್ಲಿ ಮೊಳಗಿತು. ಅವರು ಕಟ್ಟಿದ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಯವರು 1902ರಿಂದ ಉಪಯೋಗಿಸಿಕೊಂಡರು, ಆ ಕೀರ್ತಿ ಅವರಿಗೆ ಸಲ್ಲಬೇಕಾದುದೇ. ಆದರೂ ಈ ದೂರಿನಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗುವುದಿಲ್ಲ.

ಈ ಪರೀಕ್ಷೆಯಿಂದ ಬಂದವರಲ್ಲಿ ಕನ್ನಡಿಗರೆಲ್ಲರೂ ಬಲ್ಲ ಹೆಸರೊಂದಿದೆ. ವೈಟ್‌ಫೀಲ್ಡಿನಿಂದ ಪೂರ್ವಕ್ಕೆ ಹೋಗುವ ರೈಲುದಾರಿಯಲ್ಲಿ ಮಾಲೂರು ಸಿಕ್ಕುತ್ತದೆ. ಆ ತಾಲ್ಲೂಕಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದುದು 1891ರಲ್ಲಿ, ಎಂದರೆ ಮೈಸೂರಿನ ಪರೀಕ್ಷೆಯೂ ಅವರೂ ಒಂದೇ ವರ್ಷದ ಕೂಸುಗಳು. ಬಡತನದಲ್ಲಿ ಓದಿ 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ. ಎ. ಪದವಿಯನ್ನು ಪಡೆದು, ಸಿವಿಲ್ ಸರ್ವಿಸ್ಸನ್ನು ಸೇರಿ, ಸಂಸ್ಥಾನದ ನಾನಾ ಕಡೆಗಳಲ್ಲಿ ಕೆಲಸಮಾಡಿ ಜಿಲ್ಲಾಧಿಕಾರದವರೆಗೆ ಏರಿದರು. ತಮಗೆ ಸಲ್ಲಬೇಕಾಗಿದ್ದ ಸ್ಥಾನವು ಕಿರಿಯರೊಬ್ಬರಿಗೆ ಹೋಯಿತೆಂದು 1943ರಲ್ಲಿ ಅಧಿಕಾರವನ್ನು ಬಿಟ್ಟರು. ಇದರಲ್ಲಿ ಗಮನಿಸಬೇಕಾದುದೇನೆಂದರೆ, ಅವರನ್ನು ಅಧಿಕಾರಕ್ಕೆ ಏರಿಸಿದುದು ಇಂಗ್ಲಿಷು; ಅಧಿಕಾರಕ್ಕೆ ಬಂದಮೇಲೆ ಅವರು ದಿನವೂ ಕೇಳಬೇಕಾಗಿದ್ದುದು ಜಮಾಬಂದಿಗೆ ಬಂದ ರೈತನ ಕನ್ನಡ, ಅರ್ಜಿ ಹಿಡಿದು ನಿಂತ ವಿಧವೆಯ ಕನ್ನಡ. 1920ರಲ್ಲಿ ಅವರ ಮೊದಲ ಕಥಾಸಂಗ್ರಹ ಹೊರಬಂದಾಗ ಆ ಕನ್ನಡವು ಸಾಹಿತ್ಯದಲ್ಲಿ ಕೇಳಿಬಂತು. ಮಾಸ್ತಿಯವರ ಕಿವಿ ಅಷ್ಟು ಚೆನ್ನಾಗಿದ್ದುದು ನಾಡಿನ ಪುಣ್ಯ. ಅದು ಪರೀಕ್ಷೆಯ ಗುಣವಲ್ಲ. ಅದೇ ಪರೀಕ್ಷೆಯಲ್ಲಿ ಅವರಷ್ಟೇ ಅಂಕ ತೆಗೆದು, ರೈತನ ಮಾತು ಅರ್ಥವಾಗದೆ ಶಿರಸ್ತೇದಾರನ ಮುಖವನ್ನು ನೋಡುವ ಅಧಿಕಾರಿಯೂ ಬರುವುದು ಸಾಧ್ಯವಿದ್ದಿತು.

ಮದರಾಸು-ಮೈಸೂರಿನ ಜಗಳ ಹಿಂದಾಗುತ್ತ ಬಂದಂತೆ ಇನ್ನೊಂದು ಪ್ರಶ್ನೆ ಮುಂದಾಯಿತು. ಮೈಸೂರಿನವರೆಂದರೆ ಯಾವ ಮೈಸೂರಿನವರು? ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರಷ್ಟಿದ್ದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊಂದಿದ್ದರು. ತಲೆತಲಾಂತರದಿಂದ ಅಕ್ಷರದ ಸಹವಾಸವಿದ್ದ ಮನೆಗಳಿಗೆ ಇಂಗ್ಲಿಷಿನ ಪರೀಕ್ಷೆಯೆಂಬುದು ಹಳೆಯ ಅಭ್ಯಾಸದ ಹೊಸ ರೂಪ; ನೇಗಿಲನ್ನೂ ಮಗ್ಗವನ್ನೂ ಹಿಡಿದ ಮನೆಗಳಿಗೆ ಅದು ಏರಲಾಗದ ಗೋಡೆ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರವರು ಮಹಾರಾಜರಲ್ಲಿಗೆ ನಿಯೋಗ ಹೋದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಯಾಗಿರಬೇಕೆಂಬುದು ದಿವಾನರಾದ ವಿಶ್ವೇಶ್ವರಯ್ಯನವರ ನಿಲುವು. ಈ ಭಿನ್ನಾಭಿಪ್ರಾಯವೂ ಸೇರಿ ಅವರು ಅಧಿಕಾರವನ್ನು ತ್ಯಜಿಸಿದರು. 1919ರಲ್ಲಿ ಬಂದ ಮಿಲ್ಲರ್ ಸಮಿತಿಯ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲೂ ಬ್ರಾಹ್ಮಣೇತರರಿಗೆ ಸಲ್ಲುವಂತಾಗಬೇಕೆಂದಿತು.

ವಿಶ್ವೇಶ್ವರಯ್ಯನವರಲ್ಲಿ ನನಗಿರುವ ಗೌರವ ಅಪಾರವಾದುದು. ಆದರೆ ಈ ಒಂದು ವಾದದಲ್ಲಿ ಸಮಿತಿಯವರ ಪಕ್ಷವೇ ಬಲವಾದುದೆಂದು ನನ್ನ ಅಭಿಪ್ರಾಯ. ಪರೀಕ್ಷೆಯು ಯೋಗ್ಯತೆಯನ್ನು ಅಳೆಯುತ್ತದೆ ನಿಜ. ಆದರೆ ಪರೀಕ್ಷೆಯ ದಿವಸದ ಯೋಗ್ಯತೆಯನ್ನು ಅಳೆಯುತ್ತದೆ. ಆ ದಿವಸದ ಹಿಂದೆ ಎಷ್ಟು ದೀಪದ ಎಣ್ಣೆ, ಎಷ್ಟು ವಾರಾನ್ನ, ಎಷ್ಟು ಅಗ್ರಹಾರದ ಜಗಲಿಗಳು ಇದ್ದುವೆಂಬುದನ್ನು ಅದು ಕೇಳುವುದಿಲ್ಲ. ನಾನು ಸ್ವತಃ ಅನ್ಯರ ಮನೆಗಳಲ್ಲಿ ಊಟಮಾಡಿಕೊಂಡು ಪಾಠಶಾಲೆಯಲ್ಲಿ ಓದಿದವನು. ಆ ಅನ್ನವೂ ಆ ಜಗಲಿಯೂ ಎಲ್ಲ ಹುಡುಗರಿಗೂ ಸಿಕ್ಕುತ್ತಿರಲಿಲ್ಲವೆಂಬುದನ್ನು ಬಲ್ಲೆ.

ಸ್ವಾತಂತ್ರ್ಯಾನಂತರದ ಏರ್ಪಾಡುಗಳು ವಾಚಕರಿಗೆ ತಿಳಿದವೇ. 1950ರಲ್ಲಿ ರಾಜ್ಯಾಂಗದೊಡನೆ ಕೇಂದ್ರದ ಲೋಕಸೇವಾ ಆಯೋಗವೂ 1951ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಲೋಕಸೇವಾ ಆಯೋಗವೂ ಬಂದುವು. ಹಿಂದುಳಿದವರಿಗೂ ಪರಿಶಿಷ್ಟರಿಗೂ ಸ್ಥಾನಗಳು ಮೀಸಲಾದುವು. ಮನೆತನದ ಪ್ರಶ್ನೆಗೆ ಹೀಗೆ ಒಂದು ಉತ್ತರ ದೊರೆಯಿತು. ಭಾಷೆಯ ಪ್ರಶ್ನೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಡಿ. ಎಸ್. ಕೊಠಾರಿಯವರ ಸಮಿತಿಯ ವರದಿಯಂತೆ 1979ರಲ್ಲಿ ಕೇಂದ್ರದ ಪರೀಕ್ಷೆ ಮಾರ್ಪಟ್ಟಿತು: ಮೊದಲು ಜಾಲಿಸುವ ಪೂರ್ವಪರೀಕ್ಷೆ, ಅನಂತರ ಮುಖ್ಯಪರೀಕ್ಷೆ, ಕೊನೆಗೆ ಸಂದರ್ಶನ. ಮುಖ್ಯಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದಾಯಿತು. 1855ರಿಂದ ಲೆಕ್ಕಹಾಕಿದರೆ ಇದಕ್ಕೆ 124 ವರ್ಷ ಹಿಡಿಯಿತು. ಹಾಗೆಂದು ಸಂಪೂರ್ಣವಾಗಿ ಸಂತೋಷಪಡುವಂತಿಲ್ಲ. ಪೂರ್ವಪರೀಕ್ಷೆಯ ಪ್ರಶ್ನೆಗಳು ಅಚ್ಚಾಗುವುದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ; ಮುಖ್ಯಪರೀಕ್ಷೆಯಲ್ಲಿಯೂ ಭಾಷಾಪತ್ರಿಕೆಗಳನ್ನು ಬಿಟ್ಟರೆ ಹಾಗೆಯೇ. ಕನ್ನಡದಲ್ಲಿ ಉತ್ತರಿಸುವ ಹುಡುಗಿ ಪ್ರಶ್ನೆಯನ್ನು ಪರಭಾಷೆಯಲ್ಲಿಯೇ ಓದಬೇಕು.

2013ರಲ್ಲಿ ಈ ಅರ್ಧ ತೆರೆದ ಬಾಗಿಲನ್ನೂ ಮುಚ್ಚುವ ಪ್ರಯತ್ನ ನಡೆಯಿತು. ಆ ವರ್ಷದ ಮಾರ್ಚಿಯಲ್ಲಿ ಹೊರಟ ಪ್ರಕಟಣೆಯಂತೆ ದೇಶಭಾಷೆಯೊಂದರಲ್ಲಿ ಉತ್ತರ ಬರೆಯುವುದಕ್ಕೆ ಕನಿಷ್ಠ 25 ಮಂದಿ ಅಭ್ಯರ್ಥಿಗಳಿರಬೇಕು. ಒಂದು ಭಾಷೆಯ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬೇಕಾದರೆ ಪದವಿಯಲ್ಲಿ ಅದೇ ಸಾಹಿತ್ಯವನ್ನು ಓದಿರಬೇಕು. ಎಂದರೆ "ಯಾವುದಾದರೊಂದು ಪದವಿ"ಯೆಂಬ ಔದಾರ್ಯವು ಇತರ ವಿಷಯಗಳಿಗೆ ಉಂಟು, ತಾಯ್ನುಡಿಯ ಸಾಹಿತ್ಯಕ್ಕೆ ಇಲ್ಲ. ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದು ಅದೇ ತಿಂಗಳಲ್ಲಿಯೇ ಆ ನಿಬಂಧನೆಗಳು ಹಿಂದೆ ಸರಿದುವು. ಅದರ ಬೆಲೆ ಏನೆಂಬುದು ನಾಲ್ಕು ವರ್ಷಗಳಲ್ಲಿ ತಿಳಿಯಿತು. 2016ರ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂದಾಗ ಆಯ್ಕೆಯಾದ 1,099 ಮಂದಿಯಲ್ಲಿ ಮೊದಲನೆಯ ಸ್ಥಾನ ಕೋಲಾರ ಜಿಲ್ಲೆಯ ಕೆ. ಆರ್. ನಂದಿನಿಯವರದು. ಅವರ ತಂದೆ ಪ್ರೌಢಶಾಲೆಯ ಉಪಾಧ್ಯಾಯರು. ಅವರ ಪದವಿ ಸಿವಿಲ್ ಎಂಜಿನಿಯರಿಂಗು. ಅವರು ಆರಿಸಿಕೊಂಡ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ. 2013ರ ಆ ಪ್ರಕಟಣೆ ನಿಂತಿದ್ದರೆ ಎಂಜಿನಿಯರಿಗೆ ಪಂಪನನ್ನು ಮುಟ್ಟುವ ಹಕ್ಕಿರುತ್ತಿರಲಿಲ್ಲ. ಮಾಸ್ತಿಯವರು ಹೊರಟ ಕೋಲಾರದ ಸೀಮೆಯಿಂದಲೇ, ಒಂದು ನೂರು ವರ್ಷಗಳ ಮೇಲೆ, ಇಂಗ್ಲಿಷ್ ಸಾಹಿತ್ಯದ ಬದಲು ಕನ್ನಡ ಸಾಹಿತ್ಯವನ್ನು ಹಿಡಿದು ಒಬ್ಬ ಹೆಣ್ಣುಮಗಳು ಆ ಬಾಗಿಲನ್ನು ದಾಟಿದಳು.

ನಮ್ಮ ಬೀದಿಯಲ್ಲಿರುವ ಹಾಸನದ ಕಡೆಯ ಗೃಹಿಣಿಯೊಬ್ಬರು ಹೋದ ವರ್ಷ ನನ್ನನ್ನು ತಡೆದು, "ಮೇಷ್ಟ್ರೇ, ನಮ್ಮ ಹುಡುಗ ಓದಿದ್ದು ಕಂಪ್ಯೂಟರು. ಈಗ ಕನ್ನಡ ಸಾಹಿತ್ಯ ತೊಗೋತೀನಿ ಅಂತಾನೆ. ನಡೆಯುತ್ತದೆಯೇ?" ಎಂದು ಕೇಳಿದರು. ನಡೆಯುತ್ತದಮ್ಮ ಎಂದೆ. ಹುಡುಗನು ಹಗಲು ಕಂಪೆನಿಯಲ್ಲಿದ್ದು ರಾತ್ರಿ ವಿಕ್ರಮಾರ್ಜುನವಿಜಯವನ್ನೂ ವಡ್ಡಾರಾಧನೆಯನ್ನೂ ಕುಮಾರವ್ಯಾಸನನ್ನೂ ಬಿಡಿಸಿಕೊಳ್ಳುತ್ತಾನೆ. ಹಳಗನ್ನಡದ ಸಮಾಸಗಳಲ್ಲಿ ತೊಡಕಾದರೆ ನನ್ನಲ್ಲಿಗೆ ಬರುತ್ತಾನೆ. ಬುದ್ಧಿವಂತ. ಅವನ ಕಷ್ಟ ಬುದ್ಧಿಯದಲ್ಲ, ಕಾಲದ್ದು. ಪರೀಕ್ಷೆಯ ಒಂದು ಸುತ್ತು ಮುಗಿಯಲು ಹತ್ತಿರಹತ್ತಿರ ಒಂದು ವರ್ಷ ಹಿಡಿಯುತ್ತದೆ. ಸಾಮಾನ್ಯ ವರ್ಗದವನಿಗೆ 32 ವರ್ಷದ ಮಿತಿ, ಆರು ಪ್ರಯತ್ನ. ಹಿಂದುಳಿದವರಿಗೆ 35 ವರ್ಷ, ಒಂಬತ್ತು ಪ್ರಯತ್ನ. ಪರಿಶಿಷ್ಟರಿಗೆ 37 ವರ್ಷ, ಪ್ರಯತ್ನಗಳಿಗೆ ಲೆಕ್ಕವಿಲ್ಲ. ಅರ್ಜಿ ಹಾಕುವವರು ಸುಮಾರು ಹತ್ತು ಲಕ್ಷ; 2023ರ ಪರೀಕ್ಷೆಯಲ್ಲಿ ಕೊನೆಗೆ ಆಯ್ಕೆಯಾದವರು 1,016. ಕೆಲಸ ಬಿಟ್ಟು ಓದಬೇಕೇ, ಬಿಡದೆ ಓದಬೇಕೇ ಎಂಬ ಪ್ರಶ್ನೆಗೆ ನನ್ನಲ್ಲಿ ಶಾಸ್ತ್ರಾಧಾರವಿಲ್ಲ. ಬ್ರೂಕ್‌ಫೀಲ್ಡಿನ ಸಂಬಳದವನು ಎರಡು ವರ್ಷ ಕೂಡಿಟ್ಟು ಒಂದು ವರ್ಷ ಕೂರಬಲ್ಲ. ಅವನ ಕಟ್ಟಡವನ್ನು ಕಾಯುವ ಪಹರೆಯವನ ಮಗಳು, ಅವಳಲ್ಲಿಯೂ ಒಂದು ಬಿ. ಎ. ಪದವಿಯಿದ್ದರೂ, ಕೂರಲಾರಳು. ಲಂಡನ್ನಿನ ಹಡಗುಖರ್ಚಿನ ಜಾಗದಲ್ಲಿ ಈಗ ವಿಜಯನಗರದ ಬಾಡಿಗೆಕೋಣೆಯೂ ತರಬೇತಿಯ ಶುಲ್ಕವೂ ನಿಂತಿವೆ.

ವಿಜಯನಗರವೆಂದೆ. ಬೆಂಗಳೂರಿನ ಪಶ್ಚಿಮಕ್ಕಿರುವ ಈ ಬಡಾವಣೆಯೂ ಅತ್ತ ಧಾರವಾಡವೂ ಇಂದು ಕನ್ನಡದ ಅಭ್ಯರ್ಥಿಗಳ ಗುರುಕುಲಗಳಾಗಿವೆ. ಅವರಲ್ಲಿ ಬಹುಮಂದಿಯ ದೃಷ್ಟಿ ರಾಜ್ಯದ ಆಯೋಗದ ಪರೀಕ್ಷೆಯ ಮೇಲೆ, ಏಕೆಂದರೆ ಅಲ್ಲಿ ಪ್ರಶ್ನೆಯೂ ಕನ್ನಡದಲ್ಲಿರುತ್ತದೆ. ಆ ಕನ್ನಡದ ಗತಿ ಏನಾಯಿತೆಂಬುದನ್ನು ಹೇಳಲೇಬೇಕಾಗಿದೆ. 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಪರೀಕ್ಷೆ ನಡೆಯಿತು. ಇಂಗ್ಲಿಷಿನಿಂದ ತರ್ಜುಮೆಯಾದ ಕನ್ನಡ ಪ್ರಶ್ನೆಗಳಲ್ಲಿ ಅನೇಕವು ಅರ್ಥಗೆಟ್ಟಿದ್ದುವು. ಅಭ್ಯರ್ಥಿಗಳು ಬೀದಿಗಿಳಿದರು, ಮುಖ್ಯಮಂತ್ರಿಗಳು ಮರುಪರೀಕ್ಷೆಗೆ ಸೂಚನೆಯಿತ್ತರು. ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅದರಲ್ಲಿಯೂ ತರ್ಜುಮೆಯ ತಪ್ಪುಗಳು ಹೊರಬಿದ್ದು, ಮತ್ತೆ ಪ್ರತಿಭಟನೆ ನಡೆದು, ವ್ಯಾಜ್ಯವು ನ್ಯಾಯಾಲಯಗಳ ಮೆಟ್ಟಿಲೇರಿತು.

ಇಂಗ್ಲಿಷನ್ನು ಬಲ್ಲವನು ಮಗ್ಗುಲಲ್ಲಿರುವ ಇಂಗ್ಲಿಷ್ ಪ್ರಶ್ನೆಯನ್ನು ನೋಡಿ ತಿದ್ದಿಕೊಂಡು ಉತ್ತರಿಸಬಲ್ಲ. ಕನ್ನಡವೊಂದನ್ನೇ ನಂಬಿ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದವನು ಎರಡು ಗಂಟೆಗಳ ಕಾಲಾವಧಿಯಲ್ಲಿ ಕೆಟ್ಟ ವಾಕ್ಯವೊಂದರ ಅನ್ವಯವನ್ನು ಹುಡುಕುತ್ತ ಕೂರಬೇಕು. ಒಂದು ಅಂಕಕ್ಕೆ ಸಾವಿರಾರು ಮಂದಿ ಹಿಂದುಮುಂದಾಗುವ ಸ್ಪರ್ಧೆಯಿದು. 1891ರಲ್ಲಿ ಇಂಗ್ಲಿಷ್ ಬಾರದವನು ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ. ಆತನಿಗೆ ಯಾರೂ ಆಸೆ ತೋರಿಸಿರಲಿಲ್ಲ. ಈಗ ಕನ್ನಡದಲ್ಲಿ ಬರೆಯಿರೆಂದು ಕರೆದು, ಒಳಗೆ ಕೂರಿಸಿ, ಕನ್ನಡವಲ್ಲದ ಕನ್ನಡವನ್ನು ಮುಂದಿಟ್ಟರು. ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಯೋಚಿಸಿ ಬರೆಯಬಲ್ಲ ವಿದ್ವಾಂಸರಿಗೆ ನಮ್ಮ ಒಂದೊಂದು ಜಿಲ್ಲೆಯಲ್ಲಿಯೂ ಬರಗಾಲವಿಲ್ಲ. ಮೊದಲು ಕನ್ನಡದಲ್ಲಿ ರಚಿಸಿ ಆಮೇಲೆ ಬೇಕಾದರೆ ಇಂಗ್ಲಿಷಿಗೆ ತರ್ಜುಮೆ ಮಾಡಿಸಿದರೆ ಏನು ನಷ್ಟವೋ ನಾನು ಕಾಣೆ. ಇದೇ ಆಯೋಗವು ಮುಖ್ಯಪರೀಕ್ಷೆಯ ಅಭ್ಯರ್ಥಿಗಳಿಗೆ 150 ಅಂಕಗಳ ಕನ್ನಡ ಪತ್ರಿಕೆಯೊಂದನ್ನು ಕಡ್ಡಾಯವಾಗಿ ಇಟ್ಟಿದೆ. ಅದರಲ್ಲಿ ತೇರ್ಗಡೆಯಾಗದವನ ಉಳಿದ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ.

ಕುಂದಲಹಳ್ಳಿಯ ಮೆಟ್ರೋ ನಿಲ್ದಾಣದಿಂದ ವಿಜಯನಗರಕ್ಕೆ, ಅತ್ತಿಗುಪ್ಪೆಗೆ, 2023ರ ಅಕ್ಟೋಬರಿನಿಂದ ಒಂದೇ ರೈಲು ಹೋಗುತ್ತದೆ. ನಮ್ಮ ಬೀದಿಯ ಹುಡುಗನು ಭಾನುವಾರ ಬೆಳಗ್ಗೆ ಅದನ್ನು ಹಿಡಿದು ತರಗತಿಗೆ ಹೋಗುತ್ತಾನೆ. ಮೊನ್ನೆ ಹೋಗುವಾಗ ಆ ಎರಡು ಪ್ರಶ್ನೆಪತ್ರಿಕೆಗಳನ್ನೂ ನನಗೆ ಕೊಟ್ಟು, ಕನ್ನಡ ಪ್ರಶ್ನೆಗಳನ್ನು ಇಂಗ್ಲಿಷಿನ ಕಡೆಗೆ ನೋಡದೆ ಓದಿ ಎಷ್ಟು ಅರ್ಥವಾಗುತ್ತವೆಂದು ಗುರುತುಹಾಕಿಕೊಡಿರೆಂದು ಹೇಳಿದ್ದಾನೆ. ಆಗಸ್ಟಿನ ಪತ್ರಿಕೆ ಮುಗಿದಿದೆ. ಡಿಸೆಂಬರಿನದರಲ್ಲಿ ಅರ್ಧ ಉಳಿದಿದೆ.